ನಳದ ಬಾಯಿಗೆ ಕಟ್ಟುವ ಬಟ್ಟೆ

ನಮ್ಮ ಚಾಳಿಗೆ ನೀರು ಬರುವುದು ನಾಲ್ಕೂ ಇಪ್ಪತ್ತಕ್ಕೆ.
ಉಳಿದವೆಲ್ಲ ಅದಕ್ಕೂ ಮೊದಲೇ ಬರುತ್ತವೆ:
ಎರಡೂವರೆಗೆ ಪರೇಲಿನ ಆಸ್ಪತ್ರೆಯ ನೀಲಿ ಚೀಟಿ,
ಎರಡೂ ಮುಕ್ಕಾಲಿಗೆ ಗಂಡನ ಕುತ್ತಿಗೆಯ ಗಂಟು,
ಹಗಲಲ್ಲಿ ಕಡಲೆ ಗಾತ್ರ, ಕತ್ತಲಲ್ಲಿ ನಿಂಬೆಹಣ್ಣು,
ಮೂರಕ್ಕೆ ಎರಡು ತಿಂಗಳ ಬಾಡಿಗೆ,
ಮೂರೂವರೆಗೆ ಶಿವ್ಡಿಯ ಸಮಾಧಿತೋಟದಲ್ಲಿ
ನಾನು ಯಾವ ಸೀರೆ ಉಟ್ಟು ನಿಂತಿರಬೇಕು ಎಂಬುದು ಕೂಡ.

ಪಕ್ಕದಲ್ಲಿ ಎಲೀಯ ಗೊರಕೆ ಹೊಡೆಯುತ್ತಾನೆ, ಪುಣ್ಯಾತ್ಮ.
ಗಂಟು ಅವನಿಗೆ, ನಿದ್ದೆಗೇಡು ನನಗೆ;
ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಪಾಲು ಯಾವಾಗಲೂ ಹೀಗೆ.

ಭಾನುವಾರ ಮರಾಠಿಯವರ ಆರಾಧನೆ ಮುಗಿದ ಮೇಲೆ
ಅದೇ ಬೆಂಚುಗಳು ನಮಗೆ ಸಿಗುತ್ತವೆ, ಇನ್ನೂ ಬೆಚ್ಚಗೆ.
ಅಯ್ಯನವರು ತಲೆಯ ಮೇಲೆ ಕೈಯಿಟ್ಟರು: ಚಿಂತಿಸಬೇಡಮ್ಮ.
ಆಮೆನ್ ಅಂದೆ. ಚಿಂತೆಯೂ ನನ್ನ ಜೊತೆ ಆಮೆನ್ ಅಂದು
ಚಪ್ಪಲಿ ಮೆಟ್ಟಿ ಲಾಲ್‌ಬಾಗಿನ ಬಸ್ಸು ಹತ್ತಿತು,
ಅದೂ ಟಿಕೀಟಿಲ್ಲದೆ.

ಪಾಳಿಯಲ್ಲಿ ನನ್ನ ಮುಂದೆ ಗೋದಾವರಿ ಮಾವಶಿ.
ಕೆಟ್ಟವಳಲ್ಲ. ಬಾಯಿ ಮಾತ್ರ ನಿಲ್ಲದು.
"ನನ್ನ ಭಾವನಿಗೂ ಅಲ್ಲೇ ಗಂಟು. ಎಷ್ಟು ದಿನ ಅಂತೀ?"
ಬೆರಳು ಮೂರು ತೋರಿಸಿ, ತಿಂಗಳು ಎಂದು
ಕೊಡ ಎತ್ತಿಕೊಂಡು ಹೋದಳು.
ಆ ಮೂರು ಬೆರಳು ನಾಲ್ಕು ದಿನ ನನ್ನ ಮನೆಯಲ್ಲೇ ಉಂಡವು.

ನಳ ಮೊದಲು ಕೆಮ್ಮುತ್ತದೆ. ಗಾಳಿ. ಆಮೇಲೆ ಕಂದು ನೀರು.
ಬಟ್ಟೆ ಕಟ್ಟುತ್ತೇನೆ, ಮೂರು ಮಡಿಕೆ, ಅವ್ವನ ಸೀರೆಯ ತುಂಡು.
ಅವ್ವ ಮಾರ್ತವ್ವ, ಬೆಟಗೇರಿಯ ಮಗ್ಗದವಳು,
ಕೊಡಕ್ಕೆ ಬಟ್ಟೆ ಬಿಗಿಯುತ್ತ ಅನ್ನುತ್ತಿದ್ದಳು:
"ರಾಡಿ ತರಬ್ಯಾಡ ಅಂತ ಹೊಳಿಗೆ ಹೇಳಾಕ ಆಗತೈತೇನ?
ನಿನ್ನ ಕೊಡದ ಬಾಯಿ ನೀ ನೋಡ್ಕೊ."
ನನಗಾಗ ಎಂಟು ವರ್ಷ. ನೀರಿನ ಮಾತೆಂದುಕೊಂಡಿದ್ದೆ.

ಈಗ ಗಂಟು ಬಿಗಿಯುವಾಗ ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತೇನೆ,
ಸಣ್ಣ ದನಿಯಲ್ಲಿ; ತಡವಾದರೆ ಹಿಂದಿನವರು ಬೈಯುತ್ತಾರೆ.
ನೀಲಿ ಚೀಟಿ: ಅದು ನಿಜ, ಸ್ವಾಮಿ. ಗುರುವಾರ ಹತ್ತಕ್ಕೆ
ನೀನೂ ಜೊತೆಗೆ ಬಾ, ಕೌಂಟರಿನಲ್ಲಿ ಜನ ಬಹಳ.
ಬಾಡಿಗೆ: ಅದೂ ನಿಜ.
ಮೂರು ಬೆರಳು: ಅವು ಮಾವಶಿಯ ಮನೆಯ ದುಃಖ,
ನನ್ನ ಬಾಗಿಲಿಗೆ ದಾರಿ ತಪ್ಪಿ ಬಂದಿವೆ. ಅವರನ್ನು ಸಂತೈಸು.
ಶಿವ್ಡಿಯ ಸೀರೆ:
ಅದನ್ನು ಇರುಳೆಲ್ಲ ಕೂತು ನೇಯ್ದವಳು ನಾನೇ.
ತಗೋ. ಎಳೆ ಬಿಚ್ಚುವುದು ನನಗೆ ಬಾರದು.

ಇದರಿಂದ ಕೊಳವೆಯೇನೂ ಹೊಸದಾಗುವುದಿಲ್ಲ.
ಅದರ ತುಕ್ಕು ಬ್ರಿಟಿಷರ ಕಾಲದ್ದು, ನನ್ನದು ಇನ್ನೂ ಹಳೆಯದು.
ಬಟ್ಟೆ ಜಾರುವುದೂ ಉಂಟು. ಹೋದ ಮಂಗಳವಾರ
ರಾಡಿಯೆಲ್ಲ ಹಂಡೆಗೇ ಇಳಿಯಿತು; ದಿನವಿಡೀ
ಚಹಾಕ್ಕೆ ಸಕ್ಕರೆ ಕೇಳಿದನೆಂದು ಎಲೀಯನ ಮೇಲೆ ಹರಿಹಾಯ್ದೆ.
ಅವನು ಲೋಟ ತೊಳೆದು ಬೋರಲು ಹಾಕಿ
ಏನೂ ಅನ್ನದೆ ಹೊರಗೆ ಹೋಗಿ ನಿಂತ.

ನೀರು ನಿಂತ ಮೇಲೆ ಬಟ್ಟೆ ಬಿಚ್ಚಿ ದೀಪಕ್ಕೆ ಹಿಡಿಯುತ್ತೇನೆ:
ಮರಳು, ತುಕ್ಕಿನ ಹಕ್ಕಳೆ, ಕೂದಲೆಳೆಯಂಥ ಕೆಂಪು ಹುಳು,
ಇನ್ನೂ ಹೊಯ್ದಾಡುತ್ತ.
ಇಷ್ಟಕ್ಕಾ ಹೆದರಿದ್ದು, ಅನಿಸುತ್ತದೆ.
ಇಷ್ಟೇ ಅಲ್ಲವೆಂದೂ ಗೊತ್ತು. ನಾಳೆಯದು ಆಗಲೇ
ಎಲ್ಲೋ ಕೊಳವೆಯಲ್ಲಿ ಹೊರಟಿದೆ. ಹೊರಡಲಿ.
ಮೋರಿಗೆ ಝಾಡಿಸಿ, ಹಿಂಡಿ, ತಂತಿಗೆ ಹಾಕುತ್ತೇನೆ.

ಇವತ್ತು ಗುರುವಾರ.
ಮಾವಶಿಯ ಕೊಡಕ್ಕೆ ಬಟ್ಟೆಯಿಲ್ಲ, ಹರಿದು ವಾರವಾಯಿತಂತೆ.
ಅಂಚನ್ನು ಹಲ್ಲಲ್ಲಿ ಕಚ್ಚಿ ಅವ್ವನ ಸೀರೆ ಸೀಳಿದೆ,
ಅರ್ಧ ಅವಳ ಕೈಗಿಟ್ಟೆ. ಯಾಕೆ ಅಂದಳು.
ಕಟ್ಟಿಕೋ, ಅಂದೆ.

ಒಳಗೆ ಎಲೀಯ ಎದ್ದು ಚಪ್ಪಲಿ ಹುಡುಕುವ ಸದ್ದು.
ಕೊಡ ತುಂಬಿದೆ.
ಬಗ್ಗಿ ನೋಡಿದರೆ ತಳ ಕಾಣುತ್ತದೆ.